ವಾಯು ಸಂಚಾರ ಸಂಶೋಧನೆ: ಸಾಧನ ಕೈಯಲ್ಲಿದೆ, ದತ್ತಾಂಶ ಬೀಗದಲ್ಲಿದೆ

2010ರ ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ ಬಾಸ್ಟನ್ ನಗರದ ಲೋಗನ್ ವಿಮಾನ ನಿಲ್ದಾಣದ ನಿಯಂತ್ರಣ ಗೋಪುರದಲ್ಲಿ ಎಂಐಟಿಯ ಸಂಶೋಧಕರ ತಂಡವೊಂದು ಬಣ್ಣದ ಕಾರ್ಡುಗಳನ್ನು ಇಟ್ಟುಕೊಂಡು ಕೆಲಸ ಮಾಡಿತು. ತಂಡದಲ್ಲಿ ಪಿಎಚ್‌ಡಿ ವಿದ್ಯಾರ್ಥಿಗಳೂ ಇದ್ದರು. ಮುಂದಿನ 15 ನಿಮಿಷಗಳ ಅವಧಿಯಲ್ಲಿ ಎಷ್ಟು ನಿಮಿಷಕ್ಕೊಂದು ವಿಮಾನವನ್ನು ಗೇಟಿನಿಂದ ಹೊರಡಿಸಬಹುದು ಎಂಬುದನ್ನು ಕಾರ್ಡಿನ ಬಣ್ಣ ಹೇಳುತ್ತಿತ್ತು. ನಿಯಂತ್ರಕರು ಅದನ್ನು ನೋಡಿ ಅನುಮತಿ ಕೊಡುತ್ತಿದ್ದರು. ತಲಾ ನಾಲ್ಕು ತಾಸಿನ ಎಂಟು ಅವಧಿಗಳಲ್ಲಿ ಈ ಪ್ರಯೋಗ ನಡೆಯಿತು. ಸುಮಾರು 12ರಿಂದ 15 ಸಾವಿರ ಕಿಲೋ ಇಂಧನ ಉಳಿದಿದೆ ಎಂದು ತಂಡ ಅಂದಾಜು ಮಾಡಿತು. ಮುಂದಾಳತ್ವ ವಹಿಸಿದ್ದವರು ಐಐಟಿ ಮದ್ರಾಸಿನಲ್ಲಿ ಏರೋಸ್ಪೇಸ್ ಓದಿ ಎಂಐಟಿಯಲ್ಲಿ ಪ್ರಾಧ್ಯಾಪಕರಾದ ಹಂಸ ಬಾಲಕೃಷ್ಣನ್.

ಈ ಪ್ರಯೋಗದ ಹಿಂದಿದ್ದ ವಿಚಾರ ಸರಳವಾದದ್ದು, ಆದರೆ ಅದನ್ನು ಕಂಡುಹಿಡಿಯಲು ತಾಳ್ಮೆಯಿಂದ ದಾಖಲೆಗಳನ್ನು ಓದಬೇಕಾಯಿತು. ಗೇಟಿನಿಂದ ರನ್‌ವೇಗೆ ಹೋಗುವ ದಾರಿಯಾದ ಟ್ಯಾಕ್ಸಿವೇಯಲ್ಲಿರುವ ವಿಮಾನಗಳ ಸಂಖ್ಯೆ ಏರಿದಂತೆ ರನ್‌ವೇಯಿಂದ ಮೇಲೇರುವ ವಿಮಾನಗಳ ದರವೂ ಮೊದಲು ಏರುತ್ತದೆ. ಆದರೆ ಒಂದು ಹಂತ ತಲುಪಿದ ಮೇಲೆ ಆ ದರ ನಿಂತುಬಿಡುತ್ತದೆ. ರನ್‌ವೇ ತನ್ನ ಪೂರ್ಣ ಸಾಮರ್ಥ್ಯದಲ್ಲಿ ದುಡಿಯುತ್ತಿರುವಾಗ ಇನ್ನೊಂದು ವಿಮಾನವನ್ನು ಗೇಟಿನಿಂದ ಹೊರಡಿಸಿದರೆ ಅದು ಎಂಜಿನ್ ಚಾಲೂ ಇಟ್ಟುಕೊಂಡು ಸಾಲಿನಲ್ಲಿ ನಿಲ್ಲುತ್ತದೆಯೇ ಹೊರತು ಒಂದು ನಿಮಿಷವೂ ಬೇಗ ಹಾರುವುದಿಲ್ಲ. ಆ ಹಂತ ಯಾವುದು, ಗಾಳಿಯ ದಿಕ್ಕು ಬದಲಾದಾಗ ಅದು ಎಲ್ಲಿಗೆ ಸರಿಯುತ್ತದೆ, ಇಳಿಯುವ ವಿಮಾನಗಳು ಹೆಚ್ಚಿದಾಗ ಎಷ್ಟು ಕುಗ್ಗುತ್ತದೆ ಎಂಬುದನ್ನು ಹಳೆಯ ಹಾರಾಟಗಳ ದಾಖಲೆಯಿಂದ ಅಳೆದು, ಅದಕ್ಕೆ ಹೊಂದುವ ಮಾದರಿಯನ್ನು ಕಟ್ಟಿ, ಕೊನೆಗೆ ಗೋಪುರದಲ್ಲಿ ನಿಯಂತ್ರಕರ ಪಕ್ಕದಲ್ಲಿಯೇ ಪರೀಕ್ಷಿಸಿದ್ದು ಆ ತಂಡದ ಸಾಧನೆ.

ವಾಯು ಸಂಚಾರ ನಿರ್ವಹಣೆಯಲ್ಲಿ ಸಂಶೋಧನೆ ಮಾಡಬೇಕೆಂದಿರುವ ಸ್ನಾತಕೋತ್ತರ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಗೊತ್ತಿಲ್ಲ. ಇಲ್ಲಿ ದುಬಾರಿ ಯಂತ್ರವಿರಲಿಲ್ಲ, ಹೊಸ ರೇಡಾರ್ ಇರಲಿಲ್ಲ. ಇದ್ದದ್ದು ನಂಬಿಕೆಗೆ ಅರ್ಹವಾದ ದತ್ತಾಂಶ, ಪ್ರಾಮಾಣಿಕವಾದ ಮಾದರಿ ಮತ್ತು ಬಾಗಿಲು ತೆರೆದ ಒಂದು ನಿಯಂತ್ರಣ ಗೋಪುರ. ಭಾರತದಲ್ಲಿ, ಅದರಲ್ಲೂ ಬೆಂಗಳೂರಿನಲ್ಲಿ, ಪ್ರತಿಭೆಗೂ ಗಣಕಯಂತ್ರಗಳಿಗೂ ಬರವಿಲ್ಲ. ಮಾದರಿ ಕಟ್ಟಿ ಓಡಿಸುವ ಸಾಧನಗಳು ಈಗ ಪುಕ್ಕಟೆಯಾಗಿ ಸಿಗುತ್ತವೆ. ಕೊರತೆಯಿರುವುದು ದತ್ತಾಂಶದಲ್ಲಿ ಮತ್ತು ಗೋಪುರದೊಳಗಿನ ಪ್ರವೇಶದಲ್ಲಿ. ಈ ಕ್ಷೇತ್ರದಲ್ಲಿ ನಮ್ಮ ವಿದ್ಯಾರ್ಥಿಗಳ ಅವಕಾಶಗಳನ್ನು ಕುರಿತು ಮಾತನಾಡುವಾಗ ಈ ವ್ಯತ್ಯಾಸವನ್ನು ಮೊದಲು ಗಮನಿಸಬೇಕು ಎಂಬುದು ನನ್ನ ಅಭಿಪ್ರಾಯ.

ಹೊರಗಿನಿಂದ ನೋಡುವವರಿಗೆ ವಾಯು ಸಂಚಾರ ನಿಯಂತ್ರಣವೆಂದರೆ ವಿಮಾನಗಳು ಡಿಕ್ಕಿಯಾಗದಂತೆ ಕಾಯುವ ಕೆಲಸ. ಅದು ನಿಜವೇ, ಆದರೆ ಅದರೊಳಗೊಂದು ಗಣಿತವಿದೆ. ನಿಲ್ದಾಣದ ಸಮೀಪದ ರೇಡಾರ್ ವಲಯದಲ್ಲಿ ಎರಡು ವಿಮಾನಗಳ ನಡುವೆ ಸಾಮಾನ್ಯವಾಗಿ ಕನಿಷ್ಠ 3 ನಾಟಿಕಲ್ ಮೈಲಿ, ಎಂದರೆ ಸುಮಾರು 5.5 ಕಿಲೋಮೀಟರ್ ಅಂತರವಿರಬೇಕು. ದೊಡ್ಡ ವಿಮಾನದ ಹಿಂದೆ ಚಿಕ್ಕದು ಬರುತ್ತಿದ್ದರೆ, ಮುಂದಿನದು ಗಾಳಿಯಲ್ಲಿ ಬಿಟ್ಟುಹೋಗುವ ಸುಳಿಗಳ ಕಾರಣ ಅಂತರ ಇನ್ನೂ ಹೆಚ್ಚಬೇಕು. ನೆಲಕ್ಕೆ ಸಾಪೇಕ್ಷವಾಗಿ 140 ನಾಟ್, ಎಂದರೆ ಗಂಟೆಗೆ 140 ನಾಟಿಕಲ್ ಮೈಲಿ, ವೇಗದಲ್ಲಿ ಇಳಿಯಲು ಬರುವ ವಿಮಾನ 3 ನಾಟಿಕಲ್ ಮೈಲಿಯನ್ನು ಸುಮಾರು 77 ಸೆಕೆಂಡುಗಳಲ್ಲಿ ಕ್ರಮಿಸುತ್ತದೆ. ಆ ಲೆಕ್ಕದಲ್ಲಿ ಒಂದು ರನ್‌ವೇ ಗಂಟೆಗೆ 46 ವಿಮಾನಗಳನ್ನು ಇಳಿಸಿಕೊಳ್ಳಬಹುದು. ಎದುರುಗಾಳಿ 30 ನಾಟ್ ಬೀಸಿತೆಂದರೆ ನೆಲದ ವೇಗ 110 ನಾಟ್‌ಗೆ ಇಳಿಯುತ್ತದೆ, ಅದೇ 3 ಮೈಲಿಗೆ 98 ಸೆಕೆಂಡು ಬೇಕಾಗುತ್ತದೆ, ಗಂಟೆಯ ಲೆಕ್ಕ 36ಕ್ಕೆ ಬೀಳುತ್ತದೆ. ಇದು ಕಾಗದದ ಮೇಲಿನ ಗರಿಷ್ಠ ಲೆಕ್ಕ. ನಿಜದಲ್ಲಿ ಎಲ್ಲ ಜೋಡಿಗಳಿಗೂ 3 ಮೈಲಿ ಸಾಲದು, ನಿಯಂತ್ರಕರು ತುಸು ಹೆಚ್ಚುವರಿ ಅಂತರವನ್ನೂ ಇಡುತ್ತಾರೆ. ಹಾಗಿದ್ದರೂ ಗಾಳಿಯೊಂದೇ ಗಂಟೆಗೆ ಹತ್ತು ವಿಮಾನಗಳಷ್ಟು ಸಾಮರ್ಥ್ಯವನ್ನು ನುಂಗಬಲ್ಲದು ಎಂಬುದು ಈ ಸಣ್ಣ ಲೆಕ್ಕದಿಂದಲೇ ತಿಳಿಯುತ್ತದೆ.

ಲಂಡನ್ನಿನ ಹೀಥ್ರೂ ನಿಲ್ದಾಣ 2015ರಲ್ಲಿ ಜಾರಿಗೆ ತಂದ ಸಮಯಾಧಾರಿತ ಅಂತರ ಪದ್ಧತಿ ಹುಟ್ಟಿದ್ದು ಇಂಥ ಲೆಕ್ಕದಿಂದಲೇ. ಬಲವಾದ ಎದುರುಗಾಳಿಯಲ್ಲಿ ಸುಳಿಗಳು ಬೇಗ ಚದುರುತ್ತವೆ. ಆದ್ದರಿಂದ ಮೈಲಿಗಳ ಬದಲು ಸೆಕೆಂಡುಗಳಲ್ಲಿ ಅಂತರವನ್ನು ಕಾಯ್ದುಕೊಂಡರೆ ಸುರಕ್ಷತೆಗೆ ಧಕ್ಕೆಯಾಗದಂತೆ ಕಳೆದುಹೋದ ಸಾಮರ್ಥ್ಯವನ್ನು ಮರಳಿ ಪಡೆಯಬಹುದು. ಇದನ್ನು ಒಪ್ಪಿಸಲು ಸುಳಿಗಳ ಅಳತೆ ನಡೆಯಬೇಕಾಯಿತು, ಸಿಮ್ಯುಲೇಟರ್‌ಗಳಲ್ಲಿ ನಿಯಂತ್ರಕರನ್ನು ಕೂರಿಸಿ ಪರೀಕ್ಷೆಗಳನ್ನು ಮಾಡಬೇಕಾಯಿತು.

ಸಿಮ್ಯುಲೇಷನ್ ಎಂದಾಗ ಎರಡು ಬೇರೆ ಬೇರೆ ಕೆಲಸಗಳು ಒಂದೇ ಹೆಸರಿನಡಿ ಬರುತ್ತವೆ. ಒಂದರಲ್ಲಿ ನಿಜವಾದ ನಿಯಂತ್ರಕರು ನಕಲಿ ಪರದೆಯ ಮುಂದೆ ಕುಳಿತು ನೈಜ ವೇಗದಲ್ಲಿಯೇ ವಿಮಾನಗಳನ್ನು ನಡೆಸುತ್ತಾರೆ. ಅವರ ಮೇಲೆ ಬೀಳುವ ಮಾನಸಿಕ ಹೊರೆಯನ್ನು, ನಾಸಾದಲ್ಲಿ ರೂಪುಗೊಂಡ ಟಿಎಲ್‌ಎಕ್ಸ್‌ನಂಥ ಪ್ರಶ್ನಾವಳಿಗಳಿಂದ ಅಳೆಯಲಾಗುತ್ತದೆ. ಕ್ಯಾಲಿಫೋರ್ನಿಯಾದ ನಾಸಾ ಏಮ್ಸ್ ಕೇಂದ್ರದಲ್ಲಿ ಇಡೀ ಗೋಪುರವನ್ನೇ ಅನುಕರಿಸುವ ಸೌಲಭ್ಯವೊಂದನ್ನು ಇದಕ್ಕಾಗಿ ಕಟ್ಟಿದ್ದಾರೆ. ಇಂಥ ಪ್ರಯೋಗಕ್ಕೆ ಹಣವೂ ಬೇಕು, ಪರವಾನಗಿ ಪಡೆದ ನಿಯಂತ್ರಕರ ಸಮಯವೂ ಬೇಕು. ಎರಡನೆಯದು ವೇಗದ ಸಿಮ್ಯುಲೇಷನ್. ಇಲ್ಲಿ ಮನುಷ್ಯರಿಲ್ಲ. ಒಂದು ದಿನದ ಸಂಚಾರವನ್ನು ಗಣಕಯಂತ್ರ ಕೆಲವೇ ನಿಮಿಷಗಳಲ್ಲಿ ಓಡಿಸುತ್ತದೆ, ಗಾಳಿಯನ್ನೋ ವಿಳಂಬವನ್ನೋ ಬದಲಿಸಿ ಮತ್ತೆ ಮತ್ತೆ ಓಡಿಸಬಹುದು. ಸಿಮ್‌ಮಾಡ್, ಟಾಮ್, ಏರ್‌ಟಾಪ್ ಎಂಬ ವೃತ್ತಿಪರ ತಂತ್ರಾಂಶಗಳು ಈ ಬಗೆಯವು. ಅವುಗಳ ಪರವಾನಗಿ ಶುಲ್ಕ ಸಾಮಾನ್ಯ ಎಂಜಿನಿಯರಿಂಗ್ ಕಾಲೇಜಿಗೆ ಎಟುಕುವಂಥದ್ದಲ್ಲ.

ಈ ಎರಡನೆಯ ಬಗೆಯಲ್ಲಿಯೇ ಕಳೆದ ಹತ್ತು ವರ್ಷಗಳಲ್ಲಿ ಪರಿಸ್ಥಿತಿ ಬದಲಾಗಿದೆ. ನೆದರ್ಲೆಂಡ್ಸಿನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದವರು ಬ್ಲೂಸ್ಕೈ ಎಂಬ ಸಿಮ್ಯುಲೇಟರನ್ನು ಪೈಥಾನ್ ಭಾಷೆಯಲ್ಲಿ ಬರೆದು ಮುಕ್ತವಾಗಿ ಹಂಚಿದ್ದಾರೆ. ಅದರ ಸನ್ನಿವೇಶ ಕಡತವೆಂದರೆ ಸಾದಾ ಪಠ್ಯ. ಪ್ರತಿ ಸಾಲಿನ ಮೊದಲಿಗೆ ಸಮಯ, ಆಮೇಲೆ ಆದೇಶ. ವಿಮಾನವನ್ನು ಸೃಷ್ಟಿಸುವ ಆದೇಶಕ್ಕೆ ಕರೆಹೆಸರು, ವಿಮಾನದ ಮಾದರಿ, ಅಕ್ಷಾಂಶ, ರೇಖಾಂಶ, ದಿಕ್ಕು, ಎತ್ತರ, ವೇಗ ಇಷ್ಟನ್ನು ಕೊಟ್ಟರೆ ಸಾಕು. ಅಕ್ಷಾಂಶ 13.2, ರೇಖಾಂಶ 77.7 ಎಂದು ಬರೆದರೆ ದೇವನಹಳ್ಳಿಯ ಮೇಲೆ ಒಂದು ಏರ್‌ಬಸ್ ಎ320 ಪ್ರತ್ಯಕ್ಷವಾಗುತ್ತದೆ. ಇನ್ನೊಂದು ಸಾಲಿನಲ್ಲಿ ಗಾಳಿಯನ್ನು ಸೇರಿಸಬಹುದು, ಮತ್ತೊಂದರಲ್ಲಿ ಸಂಘರ್ಷ ಪತ್ತೆಯನ್ನು, ಎಂದರೆ ವಿಮಾನಗಳು ಅತಿ ಹತ್ತಿರ ಬರಲಿವೆಯೇ ಎಂದು ಮೊದಲೇ ಗುರುತಿಸುವುದನ್ನು, ಚಾಲೂ ಮಾಡಬಹುದು. ಭಾರತದ ನಿಲ್ದಾಣಗಳ ಆಗಮನ–ನಿರ್ಗಮನ ಮಾರ್ಗಗಳ ನಕ್ಷೆಗಳು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ ವೈಮಾನಿಕ ಮಾಹಿತಿ ಪ್ರಕಟಣೆಯಲ್ಲಿ ಅಂತರ್ಜಾಲದಲ್ಲಿಯೇ ಸಿಗುತ್ತವೆ. ಅವುಗಳಲ್ಲಿನ ದಾರಿ ಸೂಚಿಸುವ ಬಿಂದುಗಳನ್ನು ಒಂದೊಂದಾಗಿ ಕಡತಕ್ಕೆ ಇಳಿಸಿದರೆ ಬೆಂಗಳೂರಿನ ಆಕಾಶದ ಕಚ್ಚಾ ಮಾದರಿಯೊಂದು ವಿದ್ಯಾರ್ಥಿಯ ಲ್ಯಾಪ್‌ಟಾಪಿನಲ್ಲಿ ಸಿದ್ಧವಾಗುತ್ತದೆ.

ಆದರೆ ಆ ಮಾದರಿಯ ವಿಮಾನಗಳು ನಿಜವಾದ ವಿಮಾನಗಳಂತೆ ಏರುತ್ತವೆಯೇ, ಇಳಿಯುತ್ತವೆಯೇ ಎಂಬ ಪ್ರಶ್ನೆ ಉಳಿಯುತ್ತದೆ. ಯೂರೋಪಿನ ದೇಶಗಳ ವಾಯು ಸಂಚಾರವನ್ನು ಸಮನ್ವಯಗೊಳಿಸುವ ಯೂರೋಕಂಟ್ರೋಲ್ ಸಂಸ್ಥೆಯ ಬಾಡಾ ಎಂಬ ವಿಮಾನ ಕಾರ್ಯಕ್ಷಮತೆಯ ಕೋಶ ಬಹುಕಾಲದಿಂದ ಬಳಕೆಯಲ್ಲಿದೆ, ಆದರೆ ಅದಕ್ಕೆ ಪರವಾನಗಿ ಪಡೆಯಬೇಕು. ಆ ತೊಡಕನ್ನು ದಾಟಲು ಡೆಲ್ಫ್ಟ್‌ನವರೇ ಓಪನ್‌ಎಪಿ ಎಂಬ ಮುಕ್ತ ಮಾದರಿಯನ್ನು ರೂಪಿಸಿದರು. ವಿಮಾನಗಳು ತಾವಾಗಿಯೇ 1090 ಮೆಗಾಹರ್ಟ್ಸ್ ತರಂಗದಲ್ಲಿ ಪ್ರಸಾರ ಮಾಡುವ, ತಮ್ಮ ಸ್ಥಾನ, ಎತ್ತರ, ವೇಗಗಳನ್ನು ತಿಳಿಸುವ ಎಡಿಎಸ್–ಬಿ ಸಂಕೇತಗಳನ್ನು ಭಾರೀ ಪ್ರಮಾಣದಲ್ಲಿ ಕಲೆಹಾಕಿ, ವಿಮಾನಗಳು ನಿಜಕ್ಕೂ ಹೇಗೆ ಹಾರುತ್ತವೆ ಎಂಬುದನ್ನು ಅದರಿಂದಲೇ ಕಲಿತು ಮಾದರಿ ಕಟ್ಟಿರುವುದು ಅದರ ವೈಶಿಷ್ಟ್ಯ. ಒಬ್ಬ ಪಿಎಚ್‌ಡಿ ವಿದ್ಯಾರ್ಥಿಯ ಕೆಲಸವಾಗಿ ಆರಂಭವಾದದ್ದು ಇಂದು ಜಗತ್ತಿನ ಅನೇಕ ಪ್ರಯೋಗಾಲಯಗಳ ನಿತ್ಯದ ಸಾಧನವಾಗಿದೆ.

ಸಂಕೇತಗಳನ್ನು ಕಲೆಹಾಕುವ ಕೆಲಸವನ್ನು ಓಪನ್‌ಸ್ಕೈ ನೆಟ್‌ವರ್ಕ್ ಎಂಬ ಲಾಭರಹಿತ ಸಂಸ್ಥೆ 2012ರ ಸುಮಾರಿನಿಂದ ಮಾಡುತ್ತಿದ್ದು, ವಿಶ್ವವಿದ್ಯಾಲಯಗಳ ಸಂಶೋಧಕರಿಗೆ ಅದು ಉಚಿತ. ಸ್ವಯಂಸೇವಕರು ತಮ್ಮ ಮನೆಯ ಮಾಳಿಗೆಯ ಮೇಲೆ, ಕಾಲೇಜಿನ ಕಟ್ಟಡದ ಮೇಲೆ ಇಟ್ಟ ಗ್ರಾಹಕಗಳೇ ಅದರ ಕಣ್ಣುಗಳು. ಆದ್ದರಿಂದ ಗ್ರಾಹಕಗಳು ದಟ್ಟವಾಗಿರುವ ಯೂರೋಪಿನಲ್ಲಿ ಚಿತ್ರ ಸ್ಪಷ್ಟ, ನಮ್ಮಲ್ಲಿ ಮಸುಕು. ಎತ್ತರದಲ್ಲಿ ಹಾರುವ ವಿಮಾನ ದೂರದ ಗ್ರಾಹಕಕ್ಕೂ ಕಾಣುತ್ತದೆ. ರನ್‌ವೇಗೆ ಹತ್ತಿರ ಬಂದಂತೆ, ಸಂಶೋಧನೆಗೆ ಅದು ಅತ್ಯಂತ ಮುಖ್ಯವಾಗುವ ಹೊತ್ತಿಗೆ, ಭೂಮಿಯ ವಕ್ರತೆಯೂ ಕಟ್ಟಡಗಳೂ ಅಡ್ಡಬಂದು ಅದು ಮರೆಯಾಗುತ್ತದೆ.

ಇಲ್ಲಿಯೇ ಯೂರೋಪಿಗೂ ನಮಗೂ ಇರುವ ಅಂತರ ಎದ್ದು ಕಾಣುತ್ತದೆ. ಯೂರೋಕಂಟ್ರೋಲ್ ತನ್ನ ಸಂಶೋಧನಾ ಸಂಗ್ರಹದಲ್ಲಿ ಪ್ರತಿ ವರ್ಷದ ಮಾರ್ಚ್, ಜೂನ್, ಸೆಪ್ಟೆಂಬರ್ ಮತ್ತು ಡಿಸೆಂಬರ್ ತಿಂಗಳುಗಳ ವಾಣಿಜ್ಯ ಹಾರಾಟಗಳ ವಿವರಗಳನ್ನು, ಸಲ್ಲಿಸಿದ ಯೋಜನೆ ಮತ್ತು ನಿಜವಾಗಿ ಹಾರಿದ ದಾರಿ ಎರಡನ್ನೂ, ಸುಮಾರು ಎರಡು ವರ್ಷಗಳ ವಿಳಂಬದೊಂದಿಗೆ ಸಂಶೋಧಕರಿಗೆ ಬಿಡುಗಡೆ ಮಾಡುತ್ತದೆ. ಎರಡು ವರ್ಷ ಹಳೆಯದಾದ ಮಾಹಿತಿಯಿಂದ ವಿಮಾನಯಾನ ಸಂಸ್ಥೆಗಳ ವ್ಯಾಪಾರ ರಹಸ್ಯಕ್ಕಾಗಲಿ ಭದ್ರತೆಗಾಗಲಿ ತೊಂದರೆಯಿಲ್ಲ ಎಂಬ ವಿವೇಕ ಅದರ ಹಿಂದಿದೆ. ನಮ್ಮಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ ಪ್ರತಿ ತಿಂಗಳು ಪ್ರಯಾಣಿಕರ ಮತ್ತು ವಿಮಾನಗಳ ಒಟ್ಟು ಸಂಖ್ಯೆಯನ್ನು ಪ್ರಕಟಿಸುತ್ತದೆ, ವಿಮಾನಯಾನ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎ ಸಮಯಪಾಲನೆಯ ಶೇಕಡಾವಾರು ಅಂಕಿಗಳನ್ನು ಕೊಡುತ್ತದೆ. ಒಂದೊಂದು ಹಾರಾಟದ ಮಟ್ಟದ ದಾಖಲೆಯನ್ನು ಸಂಶೋಧಕರಿಗೆ ನಿಯಮಿತವಾಗಿ ಕೊಡುವ ಏರ್ಪಾಡು ಇಲ್ಲ. ಇದರ ಫಲವಾಗಿ ಬೆಂಗಳೂರಿನ ವಿದ್ಯಾರ್ಥಿಯೊಬ್ಬ ಬ್ರಸೆಲ್ಸ್ ಅಥವಾ ಆಮ್‌ಸ್ಟರ್‌ಡಾಮಿನ ಆಕಾಶದ ಮೇಲೆ ಪ್ರಬಂಧ ಬರೆಯುವುದು, ತನ್ನ ಊರಿನ ಆಕಾಶದ ಮೇಲೆ ಬರೆಯುವುದಕ್ಕಿಂತ ಸುಲಭವಾಗಿದೆ.

ಊರಿನ ಆಕಾಶದಲ್ಲಿ ಪ್ರಶ್ನೆಗಳಿಗೇನೂ ಬರವಿಲ್ಲ. 2008ರ ಮೇ 24ರಂದು ದೇವನಹಳ್ಳಿಯ ನಿಲ್ದಾಣ ಆರಂಭವಾಯಿತು. 2019ರ ಡಿಸೆಂಬರಿನಲ್ಲಿ ಎರಡನೆಯ ರನ್‌ವೇ ಬಂದಿತು. 2024–25ರ ಆರ್ಥಿಕ ವರ್ಷದಲ್ಲಿ ಪ್ರಯಾಣಿಕರ ಸಂಖ್ಯೆ 4 ಕೋಟಿಯನ್ನು ದಾಟಿತು. ಅದೇ ಆಕಾಶದಲ್ಲಿ ಯಲಹಂಕದ ವಾಯುಪಡೆ ನೆಲೆಯಿದೆ, ಪರೀಕ್ಷಾರ್ಥ ಹಾರಾಟಗಳು ನಡೆಯುವ ಎಚ್‌ಎಎಲ್ ನಿಲ್ದಾಣವಿದೆ, ಜಕ್ಕೂರಿನ ತರಬೇತಿ ಮೈದಾನವಿದೆ. ಎರಡು ವರ್ಷಕ್ಕೊಮ್ಮೆ ಏರೋ ಇಂಡಿಯಾ ನಡೆದಾಗ ದಿನದ ಕೆಲವು ತಾಸುಗಳ ಕಾಲ ದೇವನಹಳ್ಳಿಯ ನಾಗರಿಕ ಹಾರಾಟಗಳನ್ನೇ ಹೊಂದಿಸಿಕೊಳ್ಳಬೇಕಾಗುತ್ತದೆ. ಈಗ ಇದಕ್ಕೆ ಎರಡನೆಯ ವಿಮಾನ ನಿಲ್ದಾಣದ ಚರ್ಚೆ ಸೇರಿದೆ. ಕನಕಪುರ ರಸ್ತೆಯ ಕಡೆ ಎರಡು ಮತ್ತು ನೆಲಮಂಗಲ–ಕುಣಿಗಲ್ ಕಡೆ ಒಂದು ಜಾಗವನ್ನು ರಾಜ್ಯ ಸರ್ಕಾರ ಗುರುತಿಸಿತು, 2025ರಲ್ಲಿ ಪ್ರಾಧಿಕಾರದ ತಂಡ ಬಂದು ಅವನ್ನು ನೋಡಿತು. ಗಡಿಯಾಚೆ ಹೊಸೂರಿನಲ್ಲಿ ತನ್ನದೇ ನಿಲ್ದಾಣ ಕಟ್ಟುವುದಾಗಿ ತಮಿಳುನಾಡು 2024ರಲ್ಲಿ ಘೋಷಿಸಿದೆ. ಈಗಿನ ನಿಲ್ದಾಣದಿಂದ 150 ಕಿಲೋಮೀಟರ್ ಒಳಗೆ ಪೈಪೋಟಿಯ ನಿಲ್ದಾಣ ಬರದಂತೆ ತಡೆಯುವ ಒಪ್ಪಂದದ ಷರತ್ತು 2033ರವರೆಗೆ ಜಾರಿಯಲ್ಲಿದೆ.

ಈ ಚರ್ಚೆ ಪತ್ರಿಕೆಗಳಲ್ಲಿ ನಡೆಯುತ್ತಿರುವುದು ಭೂಸ್ವಾಧೀನ, ರಸ್ತೆ, ಮೆಟ್ರೊ ಮತ್ತು ರಾಜಕೀಯದ ಭಾಷೆಯಲ್ಲಿ. ಆಕಾಶದ ಭಾಷೆಯಲ್ಲಿ ಅದು ನಡೆದದ್ದನ್ನು ನಾನು ಕಂಡಿಲ್ಲ. ನೆಲಮಂಗಲದ ಆಚೆ ಒಂದು ರನ್‌ವೇ ಬಂದರೆ ಅದರ ಆಗಮನ ಮಾರ್ಗ ದೇವನಹಳ್ಳಿಯ ನಿರ್ಗಮನ ಮಾರ್ಗವನ್ನು ಯಾವ ಎತ್ತರದಲ್ಲಿ ಅಡ್ಡಹಾಯುತ್ತದೆ? ಕನಕಪುರ ರಸ್ತೆಯ ಜಾಗಗಳಲ್ಲಿ ರನ್‌ವೇ ಯಾವ ದಿಕ್ಕಿಗೆ ಮುಖಮಾಡಿದರೆ ಎಚ್‌ಎಎಲ್‌ನ ಪರೀಕ್ಷಾ ಹಾರಾಟಗಳೊಂದಿಗಿನ ಘರ್ಷಣೆ ಕಡಿಮೆಯಾಗುತ್ತದೆ? ಹೊಸೂರು ಮತ್ತು ಬೆಂಗಳೂರಿನ ಎರಡನೆಯ ನಿಲ್ದಾಣ ಎರಡೂ ಬಂದರೆ ನಿಲ್ದಾಣದ ಸುತ್ತಲಿನ ಆಗಮನ–ನಿರ್ಗಮನಗಳನ್ನು ನಡೆಸುವ ಒಂದೇ ಸಮೀಪ ನಿಯಂತ್ರಣ ಕೇಂದ್ರ ಎಲ್ಲವನ್ನೂ ನೋಡಿಕೊಳ್ಳಬೇಕೇ, ಹಂಚಿಕೊಳ್ಳಬೇಕೇ? ವೇಗದ ಸಿಮ್ಯುಲೇಷನ್ ಇರುವುದೇ ಇಂಥ ಪ್ರಶ್ನೆಗಳಿಗಾಗಿ. ಇದರಲ್ಲಿ ಯಾವುದೇ ಒಂದನ್ನು ಹಿಡಿದು, ಮುಕ್ತ ಸಾಧನದಲ್ಲಿ, ಊಹೆಗಳನ್ನು ಬಿಚ್ಚಿಟ್ಟು ಒಬ್ಬ ಎಂ.ಟೆಕ್ ವಿದ್ಯಾರ್ಥಿ ಒಂದು ವರ್ಷ ದುಡಿದರೆ ಬರುವ ಪ್ರಬಂಧಕ್ಕೆ ವಿಶ್ವವಿದ್ಯಾಲಯದ ಗ್ರಂಥಾಲಯದ ಆಚೆಗೂ ಓದುಗರಿರುತ್ತಾರೆ. ಸರ್ಕಾರದ ಸಲಹೆಗಾರರ ವರದಿ ಬರುವ ಹೊತ್ತಿಗೆ ಅದನ್ನು ಪ್ರಶ್ನಿಸಬಲ್ಲ ಸ್ವತಂತ್ರ ಲೆಕ್ಕವೊಂದು ಸಾರ್ವಜನಿಕರ ಕೈಯಲ್ಲಿ ಇರುವುದು ಸಣ್ಣ ವಿಷಯವಲ್ಲ.

ದತ್ತಾಂಶದ ಬಾಗಿಲು ತೆರೆದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನಲ್ಲಿಯೇ ಉದಾಹರಣೆಯಿದೆ. ಚಳಿಗಾಲದ ಬೆಳಗಿನ ಜಾವ ದೇವನಹಳ್ಳಿಯನ್ನು ಕವಿಯುವ ಮಂಜನ್ನು ಅರ್ಥಮಾಡಿಕೊಳ್ಳಲು ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ನಿಲ್ದಾಣದ ಆವರಣದಲ್ಲಿಯೇ ಉಪಕರಣಗಳನ್ನಿಟ್ಟು ಅಳತೆ ಮಾಡಿದರು. ನಿಲ್ದಾಣದ ಸಂಸ್ಥೆ ಅದಕ್ಕೆ ಜೊತೆಗೂಡಿತು. ರನ್‌ವೇಯ ಮೇಲೆ ಎಷ್ಟು ದೂರ ಕಾಣುತ್ತದೆ ಎಂದು ಅಳೆಯುವ ದೃಷ್ಟಿ ಎಂಬ ಉಪಕರಣವನ್ನು ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ (ಎನ್‌ಎಎಲ್) ರೂಪಿಸಿದೆ, ಅದು ದೇಶದ ಅನೇಕ ನಿಲ್ದಾಣಗಳಲ್ಲಿ ಕೆಲಸ ಮಾಡುತ್ತಿದೆ. ಈ ಎರಡನ್ನೂ ವಾಯು ಸಂಚಾರದ ಹರಿವಿನ ಲೆಕ್ಕಕ್ಕೆ ಜೋಡಿಸುವ ಕೆಲಸ ಮಾತ್ರ ವಿಶಾಲವಾಗಿ ತೆರೆದಿದೆ. ಬೆಳಿಗ್ಗೆ ಆರಕ್ಕೆ ಮಂಜು ಶೇಕಡಾ 60ರಷ್ಟು ಸಂಭವ ಎಂದು ಮುನ್ಸೂಚನೆ ಹೇಳಿದರೆ ದೆಹಲಿಯಿಂದ ಹೊರಡಬೇಕಾದ ವಿಮಾನವನ್ನು ಅಲ್ಲಿಯೇ ತಡೆಯಬೇಕೇ, ಬಿಟ್ಟು ಚೆನ್ನೈ ಕಡೆಗೆ ತಿರುಗಿಸುವ ಅಪಾಯವನ್ನು ಒಪ್ಪಿಕೊಳ್ಳಬೇಕೇ? ದೆಹಲಿಯಲ್ಲಿರುವ ಕೇಂದ್ರೀಯ ಸಂಚಾರ ಹರಿವು ನಿರ್ವಹಣಾ ಕೇಂದ್ರ ವಿಮಾನಗಳಿಗೆ ಲೆಕ್ಕಹಾಕಿದ ಹೊರಡುವ ಸಮಯವನ್ನು ನೀಡುತ್ತದೆ. ಅನಿಶ್ಚಿತತೆಯ ನಡುವೆ ಆ ಸಮಯವನ್ನು ಹೇಗೆ ನಿರ್ಧರಿಸಬೇಕು ಎಂಬ ಪ್ರಶ್ನೆಗೆ 1980ರ ದಶಕದಿಂದಲೂ ಸಾಹಿತ್ಯವಿದೆ, ಎಂಐಟಿಯ ಅಮೆಡಿಯೊ ಒಡೋನಿ ಅದಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬರು. ಆ ಗಣಿತವನ್ನು ದೇವನಹಳ್ಳಿಯ ಮಂಜಿಗೆ ಹೊಂದಿಸುವ ಕೆಲಸ ಇಲ್ಲಿಯವರು ಮಾಡಬೇಕಾದದ್ದು.

ಮುಂಬೈಯಲ್ಲಿ ಪ್ರಶ್ನೆ ಬೇರೆ. ಅಲ್ಲಿ ಎರಡು ರನ್‌ವೇಗಳು ಒಂದನ್ನೊಂದು ಕತ್ತರಿಸುವುದರಿಂದ ಎರಡನ್ನೂ ಏಕಕಾಲಕ್ಕೆ ಸ್ವತಂತ್ರವಾಗಿ ಬಳಸಲಾಗದು. ದಟ್ಟಣೆಯ ತಾಸುಗಳಲ್ಲಿ ಗಂಟೆಗೆ 46 ಇದ್ದ ಹಾರಾಟಗಳ ಮಿತಿಯನ್ನು 2024ರಲ್ಲಿ 44ಕ್ಕೆ ಇಳಿಸಬೇಕಾಯಿತು. 2025ರ ಅಕ್ಟೋಬರಿನಲ್ಲಿ ನವಿ ಮುಂಬೈ ನಿಲ್ದಾಣದ ಉದ್ಘಾಟನೆಯಾಗಿ ಎರಡು ನಿಲ್ದಾಣಗಳ ಆಕಾಶವನ್ನು ಹಂಚುವ ಸಮಸ್ಯೆಯೂ ಬಂದಿದೆ. ಇನ್ನು ಇಡೀ ದೇಶದ ಮಟ್ಟದಲ್ಲಿ, ನಾಗರಿಕ ವಿಮಾನಗಳಿಗೆ ಮುಕ್ತವಾಗಿ ಸಿಗುವುದು ವಾಯುಪ್ರದೇಶದ ಶೇಕಡಾ 60ರಷ್ಟು ಮಾತ್ರ ಎಂದು ಕೇಂದ್ರ ಹಣಕಾಸು ಸಚಿವರೇ 2020ರ ಮೇ ತಿಂಗಳಲ್ಲಿ ಹೇಳಿದ್ದರು. ಮಿಲಿಟರಿ ಬಳಸದ ಹೊತ್ತಿನಲ್ಲಿ ಉಳಿದದ್ದನ್ನು ಹಂಚಿಕೊಂಡರೆ ವರ್ಷಕ್ಕೆ ಸುಮಾರು 1,000 ಕೋಟಿ ರೂಪಾಯಿ ಉಳಿಯುತ್ತದೆ ಎಂಬ ಅಂದಾಜನ್ನೂ ಅವರು ಕೊಟ್ಟಿದ್ದರು. ಆ ಅಂದಾಜನ್ನು ಹೊರಗಿನವರು ಯಾರಾದರೂ ಪರಿಶೀಲಿಸಬೇಕೆಂದರೆ ಅದಕ್ಕೂ ಹಾರಾಟಗಳ ದಾಖಲೆ ಬೇಕು.

ದಕ್ಷತೆಯ ಪ್ರಶ್ನೆಗಳಿಗಿಂತ ಗಂಭೀರವಾದದ್ದು ಸುರಕ್ಷತೆ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಸೌದಿ ಮತ್ತು ಕಜಕಿಸ್ತಾನದ ವಿಮಾನಗಳು ಡಿಕ್ಕಿಯಾಗಿ 349 ಜನ ಸತ್ತರು. ಆಗ ದೆಹಲಿಗೆ ಬರುವ ಮತ್ತು ಹೋಗುವ ನಾಗರಿಕ ವಿಮಾನಗಳೆಲ್ಲ ಒಂದೇ ಓಣಿಯನ್ನು ಬಳಸುತ್ತಿದ್ದವು. ಓಣಿಗಳನ್ನು ಬೇರೆ ಮಾಡಿದ್ದು ಆಮೇಲೆ. 2025ರ ಜನವರಿ 29ರಂದು ವಾಷಿಂಗ್ಟನ್ನಿನ ರೇಗನ್ ನಿಲ್ದಾಣದ ಬಳಿ ಪ್ರಯಾಣಿಕ ವಿಮಾನವೂ ಸೇನಾ ಹೆಲಿಕಾಪ್ಟರೂ ಡಿಕ್ಕಿಯಾಗಿ 67 ಜನ ಸತ್ತ ಮೇಲೆ ತನಿಖಾ ಮಂಡಳಿ ಹಳೆಯ ದಾಖಲೆಗಳನ್ನು ತೆರೆದು ನೋಡಿತು. 2021ರ ಅಕ್ಟೋಬರಿನಿಂದ 2024ರ ಡಿಸೆಂಬರಿನವರೆಗೆ ಆ ನಿಲ್ದಾಣದ ಬಳಿ ವಿಮಾನವೂ ಹೆಲಿಕಾಪ್ಟರೂ ಅಡ್ಡಲಾಗಿ ಒಂದು ನಾಟಿಕಲ್ ಮೈಲಿಗಿಂತ, ಎತ್ತರದಲ್ಲಿ 400 ಅಡಿಗಿಂತ ಹತ್ತಿರ ಬಂದ 15,214 ಸಂದರ್ಭಗಳು ಅದರಲ್ಲಿದ್ದವು. ಮುನ್ಸೂಚನೆ ದಾಖಲೆಯೊಳಗೆ ಕುಳಿತಿತ್ತು, ಎಣಿಸಿ ಎಚ್ಚರಿಸುವವರು ಇರಲಿಲ್ಲ. ಹೀಗೆ ಎಣಿಸುವ ಕೆಲಸಕ್ಕೆ ಒಬ್ಬ ಶ್ರದ್ಧಾವಂತ ವಿದ್ಯಾರ್ಥಿ ಸಾಕು ಎಂಬುದನ್ನು ನೆನೆದಾಗ ದತ್ತಾಂಶದ ಬೀಗದ ಬಗ್ಗೆ ಸಿಟ್ಟು ಬರುವುದು ಸಹಜ.

ವ್ಯವಸ್ಥೆಗಳೇ ಕೈಕೊಟ್ಟಾಗ ಏನಾಗುತ್ತದೆ ಎಂಬುದು ಇನ್ನೊಂದು ಕ್ಷೇತ್ರ. 2023ರ ಆಗಸ್ಟ್ 28ರಂದು ಬ್ರಿಟನ್ನಿನ ಹಾರಾಟ ಯೋಜನಾ ವ್ಯವಸ್ಥೆ ಒಂದೇ ಸಂಕೇತನಾಮವಿರುವ ಎರಡು ಬಿಂದುಗಳನ್ನು, ಫ್ರಾನ್ಸಿನಲ್ಲಿ ಒಂದು, ಅಮೆರಿಕದಲ್ಲಿ ಒಂದು, ಒಂದೇ ಯೋಜನೆಯಲ್ಲಿ ಕಂಡು ಗೊಂದಲಕ್ಕೆ ಬಿದ್ದು ನಿಂತಿತು. ಬದಲಿ ವ್ಯವಸ್ಥೆಯೂ ಅದೇ ಯೋಜನೆಯನ್ನು ಓದಿ ಅದೇ ರೀತಿ ನಿಂತಿತು. ಸುಮಾರು 7 ಲಕ್ಷ ಪ್ರಯಾಣಿಕರಿಗೆ ಅದರ ಬಿಸಿ ತಟ್ಟಿತು. 2025ರ ನವೆಂಬರಿನ ಮೊದಲ ವಾರ ದೆಹಲಿಯಲ್ಲಿ ಹಾರಾಟ ಯೋಜನೆಗಳ ಸಂದೇಶಗಳನ್ನು ರವಾನಿಸುವ ಸ್ವಯಂಚಾಲಿತ ವ್ಯವಸ್ಥೆ ಕೆಟ್ಟಾಗ ನಿಯಂತ್ರಕರು ಯೋಜನೆಗಳನ್ನು ಕೈಯಿಂದಲೇ ಸಿದ್ಧಪಡಿಸಬೇಕಾಯಿತು, 800ಕ್ಕೂ ಹೆಚ್ಚು ಹಾರಾಟಗಳು ತಡವಾದವು. ಕೈಕೆಲಸಕ್ಕೆ ಇಳಿದಾಗ ಒಂದು ನಿಲ್ದಾಣದ ಸಾಮರ್ಥ್ಯ ಎಷ್ಟು ಕುಗ್ಗುತ್ತದೆ, ವಿಳಂಬ ಇತರ ನಗರಗಳಿಗೆ ಯಾವ ಕ್ರಮದಲ್ಲಿ ಹರಡುತ್ತದೆ, ಮೊದಲ ಒಂದು ತಾಸಿನಲ್ಲಿ ಯಾವ ಹಾರಾಟಗಳನ್ನು ನೆಲದಲ್ಲಿಯೇ ನಿಲ್ಲಿಸಿದರೆ ಹಾನಿ ಕನಿಷ್ಠವಾಗುತ್ತದೆ ಎಂಬ ಪ್ರಶ್ನೆಗಳಿಗೆ ಸಿಮ್ಯುಲೇಷನ್ ಮೂಲಕ ಉತ್ತರ ಹುಡುಕಬಹುದು.

ಇಷ್ಟೆಲ್ಲ ಇರುವಾಗ ಬಹುಪಾಲು ವಿದ್ಯಾರ್ಥಿಗಳು ಕೃತಕ ಬುದ್ಧಿಮತ್ತೆಯಿಂದ ಸಂಘರ್ಷ ಪರಿಹಾರ ಎಂಬ ಒಂದೇ ವಿಷಯದ ಕಡೆ ಧಾವಿಸುವುದು ನನಗೆ ಚಿಂತೆಯ ಸಂಗತಿಯಾಗಿ ಕಾಣುತ್ತದೆ. ವಿಷಯದಲ್ಲಿ ತಪ್ಪಿಲ್ಲ. ಚೌಕಾಕಾರದ ಖಾಲಿ ಆಕಾಶದಲ್ಲಿ, ಗಾಳಿಯಿಲ್ಲದೆ, ಆದೇಶ ಕೊಟ್ಟ ಕ್ಷಣದಲ್ಲಿಯೇ ತಿರುಗುವ ವಿಮಾನಗಳ ಮೇಲೆ ಪಡೆದ ಯಶಸ್ಸನ್ನು ನಿಜವಾದ ಆಕಾಶಕ್ಕೆ ಅನ್ವಯಿಸುವುದು ತಪ್ಪು. ಪೈಲಟ್ ಆದೇಶವನ್ನು ಕೇಳಿಸಿಕೊಂಡು, ಮರುನುಡಿದು, ಕಾರ್ಯಗತಗೊಳಿಸಲು ಹಲವು ಸೆಕೆಂಡುಗಳು ಹೋಗುತ್ತವೆ. ಬ್ಲೂಸ್ಕೈಯೊಳಗೇ ಇರುವ ಎಂವಿಪಿ ಎಂಬ ಜ್ಯಾಮಿತಿ ಆಧಾರಿತ ಹಳೆಯ ವಿಧಾನದೊಂದಿಗೆ ಹೋಲಿಸದೆ ಹೊಸ ಅಲ್ಗಾರಿದಮ್ ಉತ್ತಮ ಎನ್ನುವ ಪ್ರಬಂಧವನ್ನು ಪರೀಕ್ಷಕರು ಒಪ್ಪಬಾರದು. ಸರಾಸರಿ ವಿಳಂಬವನ್ನಷ್ಟೇ ತೋರಿಸಿ, ಅತಿ ಕೆಟ್ಟ ದಿನ ಏನಾಯಿತು ಎಂದು ಹೇಳದ ಪ್ರಬಂಧವೂ ಅಪೂರ್ಣ. ಭಾಷೆಯ ಕಡೆ ಒಲವಿರುವವರಿಗೆ ನಾಸಾ 1976ರಿಂದ ನಡೆಸುತ್ತಿರುವ ಸುರಕ್ಷತಾ ವರದಿ ವ್ಯವಸ್ಥೆಯಿದೆ. ಪೈಲಟ್‌ಗಳೂ ನಿಯಂತ್ರಕರೂ ತಾವಾಗಿ ಬರೆದ ವರದಿಗಳನ್ನು ಹೆಸರು ತೆಗೆದು ಅಲ್ಲಿ ಸಾರ್ವಜನಿಕವಾಗಿ ಇಟ್ಟಿದ್ದಾರೆ, ಯಾವ ದೇಶದ ವಿದ್ಯಾರ್ಥಿಯೂ ಬಳಸಬಹುದು.

ಓದಲು ಎಲ್ಲಿಗೆ ಹೋಗಬೇಕು ಎಂದು ಕೇಳುವವರು ಮೊದಲು ಪೌರತ್ವದ ಲೆಕ್ಕ ಹಾಕಬೇಕು. ನಾಸಾದ ಇಂಟರ್ನ್‌ಶಿಪ್‌ಗಳು ಸಾಮಾನ್ಯವಾಗಿ ಅಮೆರಿಕದ ಪೌರರಿಗೇ ಮೀಸಲು. ಆದರೆ ಅಮೆರಿಕದ ವಾಯುಯಾನ ಆಡಳಿತ 1996ರಲ್ಲಿ ಕಟ್ಟಿದ ನೆಕ್ಸ್ಟರ್ ಒಕ್ಕೂಟದ ಬರ್ಕ್ಲಿ, ಮೇರಿಲ್ಯಾಂಡ್, ಎಂಐಟಿಯಂಥ ವಿಶ್ವವಿದ್ಯಾಲಯಗಳಲ್ಲಿ ಪ್ರಾಧ್ಯಾಪಕರ ಯೋಜನೆಗಳ ಮೂಲಕ ವಿದೇಶಿ ವಿದ್ಯಾರ್ಥಿಗಳೂ ಕೆಲಸ ಮಾಡಿದ್ದಾರೆ. ಯೂರೋಪ್ ಇನ್ನೂ ತೆರೆದಿದೆ. ನೆದರ್ಲೆಂಡ್ಸಿನಲ್ಲಿ ಪಿಎಚ್‌ಡಿ ಎಂದರೆ ಬಹುತೇಕ ಸಂಬಳದ ನೌಕರಿಯೇ. ಫ್ರಾನ್ಸಿನ ಟೂಲೂಸಿನಲ್ಲಿರುವ ಎನಾಕ್ ಎಂಬ ನಾಗರಿಕ ವಿಮಾನಯಾನ ವಿದ್ಯಾಸಂಸ್ಥೆಯಲ್ಲಿ ವಾಯು ಸಾರಿಗೆ ಕಾರ್ಯಾಚರಣೆಯನ್ನು ಕುರಿತ ಸ್ನಾತಕೋತ್ತರ ಪದವಿಯಿದೆ. ಯೂರೋಪಿನ ವಾಯು ಸಂಚಾರ ವ್ಯವಸ್ಥೆಯನ್ನು ಆಧುನಿಕಗೊಳಿಸುವ ಸೆಸಾರ್ ಯೋಜನೆಯ ಎಂಗೇಜ್ ಜಾಲ ಪಿಎಚ್‌ಡಿಗಳಿಗೆ ಹಣ ಒದಗಿಸಿದೆ. ಸಿಂಗಪುರದ ನಾನ್‌ಯಾಂಗ್ ವಿಶ್ವವಿದ್ಯಾಲಯದಲ್ಲಿ ಅಲ್ಲಿನ ವಿಮಾನಯಾನ ಪ್ರಾಧಿಕಾರದ ಜೊತೆಗೂಡಿ ಕಟ್ಟಿದ ಪ್ರತ್ಯೇಕ ಸಂಶೋಧನಾ ಸಂಸ್ಥೆಯೇ ಇದೆ. ದಕ್ಷಿಣ ಏಷ್ಯಾದ ಆಕಾಶಕ್ಕೆ ಹತ್ತಿರದ ಪ್ರಶ್ನೆಗಳು ಅಲ್ಲಿ ಸಿಗುವ ಸಂಭವ ಹೆಚ್ಚು. ಎರಡು ವರ್ಷಕ್ಕೊಮ್ಮೆ ನಡೆಯುವ ಐಕ್ರಾಟ್ ಎಂಬ ವಾಯು ಸಾರಿಗೆ ಸಂಶೋಧನೆಯ ಸಮ್ಮೇಳನ ಯುವ ಸಂಶೋಧಕರನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡದ್ದು. ಅದರ ಹಳೆಯ ಪ್ರಬಂಧಗಳನ್ನು ಓದಿದರೆ ಯಾರ ಜೊತೆ ಕೆಲಸ ಮಾಡಬೇಕೆಂಬುದು ತಾನಾಗಿ ತಿಳಿಯುತ್ತದೆ.

ಊರಿನಲ್ಲಿಯೇ ಉಳಿಯುವವರಿಗೆ ಐಐಎಸ್‌ಸಿಯ ಏರೋಸ್ಪೇಸ್ ವಿಭಾಗವಿದೆ, ಐಐಟಿಗಳಿವೆ. ಗೇಟ್ ಎಂಬ ಪ್ರವೇಶ ಪರೀಕ್ಷೆಯ ಮೂಲಕ ಎಂ.ಟೆಕ್ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ, ಕಿರಿಯ ಸಂಶೋಧನಾ ಫೆಲೊಗಳಿಗೆ 2023ರಿಂದ 37,000 ರೂಪಾಯಿ ಸಿಗುತ್ತದೆ. ಬೆಂಗಳೂರಿನಲ್ಲಿ ಬೋಯಿಂಗ್, ಏರ್‌ಬಸ್, ಹನಿವೆಲ್, ಥೇಲ್ಸ್ ಕಂಪನಿಗಳ ಎಂಜಿನಿಯರಿಂಗ್ ಕೇಂದ್ರಗಳಿವೆ, ಇಂಥ ಪರಿಣತಿಯವರಿಗೆ ಅಲ್ಲಿ ಉದ್ಯೋಗದ ಹಾದಿಯೂ ಇದೆ. ಹೈದರಾಬಾದಿನ ಬೇಗಂಪೇಟೆಯಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರವು 350 ಕೋಟಿ ರೂಪಾಯಿಗೂ ಹೆಚ್ಚು ವೆಚ್ಚದಲ್ಲಿ ಕಟ್ಟಿದ ನಾಗರಿಕ ವಿಮಾನಯಾನ ಸಂಶೋಧನಾ ಸಂಸ್ಥೆಯನ್ನು ಪ್ರಧಾನಿ 2024ರ ಮಾರ್ಚ್ 5ರಂದು ದೇಶಕ್ಕೆ ಅರ್ಪಿಸಿದರು. ಕಣ್ಗಾವಲು, ಪಥದರ್ಶನ, ಸೈಬರ್ ಭದ್ರತೆ, ಜಾಲ ಅನುಕರಣೆಯ ಪ್ರಯೋಗಾಲಯಗಳು ಅದರ ಯೋಜನೆಯಲ್ಲಿವೆ.

ಆ ಸಂಸ್ಥೆಯ ಬೆಲೆ ತಿಳಿಯುವುದು ಅದರ ಬಾಗಿಲಿನಿಂದ ಎಷ್ಟು ವಿದ್ಯಾರ್ಥಿಗಳು ಒಳಗೆ ಹೋಗುತ್ತಾರೆ ಎಂಬುದರಿಂದ. ಪ್ರಾಧಿಕಾರ ಮಾಡಬೇಕಾದ ಕೆಲಸ ದೊಡ್ಡದಲ್ಲ: ಮಿಲಿಟರಿ ಮತ್ತು ಗಣ್ಯರ ಹಾರಾಟಗಳನ್ನು ತೆಗೆದು, ಎರಡು ವರ್ಷ ಹಳೆಯದಾದ ನಾಲ್ಕು ತಿಂಗಳ ಹಾರಾಟ ದಾಖಲೆಗಳನ್ನು, ಯೋಜನೆ ಮತ್ತು ವಾಸ್ತವ ಎರಡನ್ನೂ ಸೇರಿಸಿ, ನೋಂದಾಯಿತ ವಿಶ್ವವಿದ್ಯಾಲಯಗಳಿಗೆ ಕೊಡುವ ಒಂದು ಸುತ್ತೋಲೆ. ಅದರ ಜೊತೆಗೆ ಬೆಂಗಳೂರು, ಮುಂಬೈ, ದೆಹಲಿಯ ಗೋಪುರಗಳಲ್ಲಿ ವರ್ಷಕ್ಕೆ ಕೆಲವು ವಿದ್ಯಾರ್ಥಿಗಳಾದರೂ ನಿಯಂತ್ರಕರ ಹಿಂದೆ ಕುಳಿತು ನೋಡಲು ಅನುಮತಿ ಸಿಗಬೇಕು. ನಿಯಂತ್ರಕರ ಕೊರತೆ ಮತ್ತು ದಣಿವಿನ ಬಗ್ಗೆ ಸಂಸದೀಯ ಸ್ಥಾಯಿ ಸಮಿತಿಯೇ 2025ರಲ್ಲಿ ಆತಂಕ ವ್ಯಕ್ತಪಡಿಸಿರುವಾಗ, ಅವರ ಹೊರೆಯನ್ನು ಅಳೆಯಬಲ್ಲವರನ್ನು ಹೊರಗೆ ನಿಲ್ಲಿಸುವುದಕ್ಕೆ ಕಾರಣ ಕಾಣುವುದಿಲ್ಲ. ಸುತ್ತೋಲೆ ಬರುವವರೆಗೂ ಮಾರ್ಗದರ್ಶಕರು ಸುಮ್ಮನಿರಬೇಕಾಗಿಲ್ಲ. ಪ್ರಕಟಿತ ನಕ್ಷೆಗಳಿಂದ ಬೆಂಗಳೂರಿನ ಮಾದರಿಯನ್ನು ಕಟ್ಟಿ, ಅದರ ಕಡತಗಳನ್ನು ಎಲ್ಲರಿಗೂ ತೆರೆದಿಟ್ಟು, ಮುಂದಿನ ತಂಡದ ವಿದ್ಯಾರ್ಥಿಗಳು ಅಲ್ಲಿಂದ ಮುಂದುವರಿಸುವಂತೆ ಮಾಡುವ ಕೆಲಸವನ್ನು ಈ ಸೆಮಿಸ್ಟರಿನಲ್ಲಿಯೇ ಆರಂಭಿಸಬಹುದು.